ಬ್ಯಾಟರಿ ಬದಲಿಸಿದರೂ ಚಳಿಗೆ ಡೀಸೆಲ್ ಕಾರು ಸ್ಟಾರ್ಟ್ ಆಗ್ತಿಲ್ಲ, ಸೆಲ್ಫ್ ಮೋಟರ್ ಬದಲಿಸಲಾ?

ಸದ್ಯಕ್ಕೆ ಬೇಡ. ಹನ್ನೊಂದು ವರ್ಷದ ಡೀಸೆಲ್ ಕಾರು, ಗೌರಿಬಿದನೂರಲ್ಲಿ ರಾತ್ರಿ ಹೊರಗಡೆ ನಿಲ್ಲುತ್ತೆ, ಡಿಸೆಂಬರ್ ಬಂದಾಗಿನಿಂದ ಬೆಳಿಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದರೆ ಮಾತ್ರ ಹಿಡಿಯುತ್ತೆ ಅಂತ ಬರೆದಿದ್ದೀರಿ. ಒಂದು ಮಾತು ಮಾತ್ರ ಬಿಟ್ಟಿದ್ದೀರಿ: ಆ ನಾಲ್ಕೈದು ಸಲ ಇಂಜಿನ್ ಚುರುಕಾಗಿ ತಿರುಗುತ್ತಾ, ಇಲ್ಲಾ ಮುಲುಕಿಕೊಂಡು ತಿರುಗುತ್ತಾ? ಚುರುಕಾಗಿ ತಿರುಗಿದರೆ ಸೆಲ್ಫ್ ಮೋಟರಿನ ಕೆಲಸ ಅಲ್ಲಿಗೆ ಮುಗೀತು, ಅದರ ಮೇಲೆ ದುಡ್ಡು ಹಾಕೋದು ದಂಡ.

ನಾನು ಚಿಕ್ಕಬಳ್ಳಾಪುರದವನು. 2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾದ ಮೇಲೆ ಅಲ್ಲಿಗೇ ಬಾಡಿಗೆ ಓಡಿಸ್ತಾ ಬಂದಿದ್ದೀನಿ. ಅವರೆಕಾಯಿ ಕಾಲದಲ್ಲಿ ಬೆಳಗಿನ ಜಾವ ಮೂರೂವರೆಗೆ ಗಾಡಿ ತೆಗೀಬೇಕು. ನಂದಿ ಬೆಟ್ಟದ ಕಡೆಯಿಂದ ಗಾಳಿ ಬೀಸ್ತಾ ಇರುತ್ತೆ, ಗಾಜಿನ ತುಂಬಾ ಇಬ್ಬನಿ, ಪಾರ್ಟಿ ಸೂಟ್‌ಕೇಸ್ ಹಿಡಿದು ಬಾಗಿಲಲ್ಲೇ ನಿಂತಿರ್ತಾರೆ. ಅಂಥ ಹೊತ್ತಲ್ಲಿ ನನ್ನ ಹಳೇ ಡೀಸೆಲ್ ಗಾಡಿ ಕೈಕೊಡೋಕೆ ಶುರು ಮಾಡ್ತು. ನಾನೂ ನಿಮ್ಮ ಹಾಗೇ ಮೊದಲು ಬ್ಯಾಟರಿ ಬದಲಿಸಿದೆ. ಎರಡು ದಿನ ಸರಿಯಿತ್ತು, ಮೂರನೇ ದಿನ ಮತ್ತದೇ ಹಾಡು. ಎರಡು ಗ್ಯಾರೇಜಿಗೆ ತೋರಿಸಿದೆ. ಹಗಲು ಹೊತ್ತು ಅಲ್ಲಿಗೆ ಹೋದರೆ ಒಂದೇ ಏಟಿಗೆ ಸ್ಟಾರ್ಟ್!

ಕೊನೆಗೆ ಬಿ.ಬಿ. ರೋಡಿನ ಹತ್ತಿರದ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಸಾಬ್ರು ಬಾನೆಟ್ ಕೂಡ ಎತ್ತಲಿಲ್ಲ. "ಹನ್ನೊಂದು ಗಂಟೆಗೆ ಬಂದು ಚಳಿ ಅಂದ್ರೆ ನಾನೇನ್ ನೋಡ್ಲಪ್ಪಾ? ರಾತ್ರಿ ಇಲ್ಲೇ ಬಿಟ್ಟು ಹೋಗು, ಬೆಳಿಗ್ಗೆ ನಾನೇ ಕೀ ಹಾಕ್ತೀನಿ" ಅಂದ್ರು. ನೀವೂ ಯಾರಿಗೇ ತೋರಿಸಿ, ಗಾಡಿ ರಾತ್ರಿ ಅಲ್ಲೇ ನಿಲ್ಲಲಿ.

ಮಾರನೇ ದಿನ ಆರೂವರೆಗೆ ನಾನು ಹೋಗೋ ಹೊತ್ತಿಗೆ ಅವರು ಹೀಟರ್ ಪ್ಲಗ್‌ಗಳಿಗೆ ಕರೆಂಟ್ ಹೋಗೋ ಪಟ್ಟಿ ಬಿಚ್ಚಿಟ್ಟಿದ್ರು. ಟೆಸ್ಟ್ ಲ್ಯಾಂಪಿನ ಕ್ಲಿಪ್ ಬ್ಯಾಟರಿ ಪ್ಲಸ್ಸಿಗೆ ಹಾಕಿ, ಮೊನೆಯನ್ನ ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸ್ತಾ ಬಂದ್ರು. ಮೊದಲನೇದು ಕತ್ತಲೆ. ಎರಡನೇದು ಉರೀತು. ಮೂರು, ನಾಲ್ಕು ಮತ್ತೆ ಕತ್ತಲೆ. ಅಂದ್ರೆ ನಾಲ್ಕರಲ್ಲಿ ಮೂರು ಸತ್ತಿದ್ವು. ಡೀಸೆಲ್ ಇಂಜಿನ್ನಲ್ಲಿ ಕಿಡಿ ಇಲ್ಲ, ಗಾಳಿಯನ್ನ ಒತ್ತಿದಾಗ ಹುಟ್ಟೋ ಬಿಸಿಗೇ ಡೀಸೆಲ್ ಹತ್ತಿಕೊಳ್ಳಬೇಕು. ತಣ್ಣಗಿರೋ ಕಬ್ಬಿಣ ಆ ಬಿಸೀನ ಕುಡಿದುಬಿಡುತ್ತೆ, ಆ ಕೊರತೆ ತುಂಬೋಕೇ ಹೀಟರ್ ಪ್ಲಗ್ ಇರೋದು. ನಾಲ್ಕನ್ನೂ ಹೊಸದು ಹಾಕಿದ್ವಿ. ಬಿಚ್ಚಿಸುವಾಗ ಇಂಜಿನ್ ಸ್ವಲ್ಪ ಬಿಸಿ ಇರಲಿ. ತಣ್ಣಗಿದ್ದಾಗ ಜೋರು ಮಾಡಿದರೆ ಪ್ಲಗ್ ಒಳಗೇ ಮುರಿಯುತ್ತೆ, ಆಮೇಲೆ ಹೆಡ್ (ಇಂಜಿನ್ನಿನ ಮೇಲ್ಭಾಗ) ಇಳಿಸೋ ಕೆಲಸ ಬಿದ್ದರೂ ಬೀಳಬಹುದು.

ಹಾಗಂತ ನಿಮ್ಮದೂ ಹೀಟರ್ ಪ್ಲಗ್ಗೇ ಅಂತ ನಾನು ಹೇಳಲ್ಲ. ನನ್ನದು ಹಳೇ ಕಾಲದ ಇಂಜಿನ್, ಪ್ಲಗ್ ಇಲ್ಲದೆ ಅದಕ್ಕೆ ಬೆಳಗೇ ಆಗಲ್ಲ. ಕಾಮನ್ ರೈಲ್ ಇಂಜಿನ್‌ಗಳು, ಅಂದ್ರೆ ಭಾರೀ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸೋ ಈಚಿನ ಇಂಜಿನ್‌ಗಳು, ನಮ್ಮ ಸೀಮೆಯ ಚಳಿಗೆ ಒಂದೆರಡು ಪ್ಲಗ್ ಸತ್ತಿದ್ದರೂ ಹೇಗೋ ಹಿಡೀತವೆ, ಅರ್ಧ ನಿಮಿಷ ನಡುಗುತ್ತಾ ಬಿಳಿ ಹೊಗೆ ಬಿಡ್ತವೆ ಅಷ್ಟೆ. ಅದಕ್ಕೇ ಮೊದಲು ಗೊತ್ತಾಗಬೇಕಾದ್ದು, ಗಾಡಿ ತಣ್ಣಗಾಗಿದ್ದಕ್ಕೆ ಹಟ ಮಾಡ್ತಿದೆಯಾ, ಇಲ್ಲಾ ತುಂಬಾ ಹೊತ್ತು ನಿಂತಿದ್ದಕ್ಕಾ ಅನ್ನೋದು. ಶನಿವಾರ ರಾತ್ರಿ ನಿಲ್ಲಿಸಿ, ಭಾನುವಾರ ಮಧ್ಯಾಹ್ನ ಎರಡು ಗಂಟೆ ತನಕ ಕೀ ಮುಟ್ಟಬೇಡಿ, ಬಿಸಿಲಲ್ಲಿ ಚೆನ್ನಾಗಿ ಕಾಯಲಿ. ಆಗ ಒಂದೇ ಏಟಿಗೆ ಸ್ಟಾರ್ಟ್ ಆದರೆ ಚಳಿಯೇ ಕಾರಣ, ಪ್ಲಗ್ ನೋಡಿಸಿ. ಪ್ಲಗ್ ಚೆನ್ನಾಗಿದ್ದರೆ ಅದರ ರಿಲೇ, ಅಂದ್ರೆ ಅದಕ್ಕೆ ಕರೆಂಟ್ ಬಿಡೋ ಸ್ವಿಚ್, ನೋಡಿಸಿ. ಆಗಲೂ ಸತಾಯಿಸಿದರೆ ಡೀಸೆಲ್ ಟ್ಯಾಂಕಿನ ಕಡೆ ವಾಪಸ್ ಇಳೀತಿದೆ, ಎಲ್ಲೋ ಏರ್ ಎಳೀತಿದೆ.

ಎರಡು ವರ್ಷ ಆದಮೇಲೆ ನನಗೆ ಅದೂ ಬಂತು. ಸೈಲೆನ್ಸರ್ ನೋಡಿದರೆ ಗೊತ್ತಾಗುತ್ತೆ: ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗ್ತಿದೆ, ಉರೀತಿಲ್ಲ. ಹೊಗೆಯೇ ಇಲ್ಲ ಅಂದ್ರೆ ಡೀಸೆಲ್ಲೇ ಮುಟ್ಟಿಲ್ಲ. ನನ್ನದಕ್ಕೆ ಹೊಗೆ ಇರಲಿಲ್ಲ. ಫಿಲ್ಟರ್ ಹತ್ತಿರದ ಹ್ಯಾಂಡ್ ಪಂಪ್ ಒತ್ತಿ ನೋಡಿದರೆ ಮೆತ್ತಗೆ, ಹದಿನೈದು ಸಲ ಒತ್ತಿದ ಮೇಲೆ ಗಟ್ಟಿಯಾಯ್ತು, ಕೀ ತಿರುಗಿಸಿದ ತಕ್ಷಣ ಹಿಡೀತು. ಫಿಲ್ಟರ್ ತಳದಲ್ಲಿ ನೀರು ಬಿಡೋ ಸ್ಕ್ರೂ ಇದೆಯಲ್ಲ, ಅದರ ರಬ್ಬರ್ ವಾಷರ್ ಸೆಟೆದು ಹೋಗಿತ್ತು. ಒಂದು ಟೀ ದುಡ್ಡಿನ ಸಾಮಾನು, ಅದಕ್ಕೋಸ್ಕರ ಎರಡು ಬಾಡಿಗೆ ಕಳ್ಕೊಂಡೆ. ನಿಮ್ಮ ಗಾಡಿಯಲ್ಲಿ ಹ್ಯಾಂಡ್ ಪಂಪ್ ಇಲ್ಲದಿದ್ದರೆ, ಫಿಲ್ಟರಿಂದ ಇಂಜಿನ್ನಿನ ಡೀಸೆಲ್ ಪಂಪಿಗೆ ಹೋಗೋ ಪೈಪಿನ ಜಾಗದಲ್ಲಿ ಡೀಸೆಲ್ ತಡೆಯೋ ಪಾರದರ್ಶಕ ಪೈಪ್ ಹಾಕಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗುಳ್ಳೆ ಕಣ್ಣಿಗೇ ಕಾಣುತ್ತೆ.

ಇನ್ನು ಇಂಜಿನ್ ಮುಲುಕಿಕೊಂಡು ತಿರುಗೋದಾದರೆ ಬೇರೆ ದಾರಿ. ರಾತ್ರಿಯೆಲ್ಲಾ ನಿಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ ಅಂತ ಲೆಕ್ಕ, ಹೊಸ ಬ್ಯಾಟರಿ ಆದರೂ ಅಷ್ಟೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳೀಬಾರದು. ವೋಲ್ಟೇಜ್ ಸರಿಯಿದ್ದೂ ಮುಲುಕಿದರೆ ಮೊದಲು ಅರ್ತ್ ವೈರ್ ಮೇಲೆ ಅನುಮಾನ ಪಡಿ: ಬ್ಯಾಟರಿ ಮೈನಸ್ಸಿಂದ ನೇರವಾಗಿ ಇಂಜಿನ್ ಬಾಡಿಗೆ ಒಂದು ಜಂಪರ್ ಕೇಬಲ್ ಕಚ್ಚಿಸಿ ನೋಡಿ. ಚುರುಕಾಯ್ತಾ? ಹಾಗಾದರೆ ಆ ವೈರಿನ ತುದಿಯಲ್ಲಿ ತುಕ್ಕು ಕೂತಿದೆ. ಇದನ್ನೂ ನೋಡಿದ ಮೇಲೆ ಸೆಲ್ಫ್ ಮೋಟರಿನ ಮಾತು.

ಅಲ್ಲಿಯ ತನಕ ದಿನಾ ಬೆಳಿಗ್ಗೆ ಹೀಗೆ ಮಾಡಿ: ಕೀ ಆನ್ ಮಾಡಿ, ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಗುರುತಿನ ಹಳದಿ ದೀಪ ಆರೋ ತನಕ ಕಾಯಿರಿ, ಆಫ್ ಮಾಡಿ ಮತ್ತೆ ಆನ್ ಮಾಡಿ, ಎರಡನೇ ಸಲ ಆರಿದ ಮೇಲೆ ಸೆಲ್ಫ್ ಹೊಡೀರಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ, ನಡುವೆ ಅರ್ಧ ನಿಮಿಷ ಬಿಡಿ. ಯಾರಾದರೂ ಏರ್ ಫಿಲ್ಟರಿಗೆ ಸ್ಟಾರ್ಟಿಂಗ್ ಸ್ಪ್ರೇನೋ ಪೆಟ್ರೋಲ್ ಬಟ್ಟೆನೋ ಹಿಡೀತೀನಿ ಅಂದ್ರೆ ಮುಲಾಜಿಲ್ಲದೆ ಬೇಡ ಅನ್ನಿ. ಪ್ಲಗ್ ಕಾದಿರೋವಾಗ ಅದು ಒಳಗೇ ಢಂ ಅನ್ನುತ್ತೆ.

ಭಾನುವಾರ ಎರಡು ಗಂಟೆಗೆ ಏನಾಯ್ತು ಅಂತ ಇಲ್ಲೇ ಬರೀರಿ. ಹೊಗೆ ಬಂತಾ, ಬಂದರೆ ಬಿಳಿಯಾ ಅನ್ನೋದನ್ನ ಮರೀಬೇಡಿ.