ಕೋರ್ಸ್ ಆಮೇಲೆ, ಮೊದಲು ಲೈಸೆನ್ಸ್ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಡಿಗ್ರಿ ಆದ ಮೇಲೆ ಆರೋಗ್ಯ ಕ್ಷೇತ್ರದಲ್ಲಿ ಮುಂದೆ ಓದೋದು ಹೇಗೆ, ಅದರಲ್ಲೂ ಅಮೆರಿಕಕ್ಕೆ ಹೋಗಿ. ಒಂದೇ ತರಹದ ಪತ್ರಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಬಿ.ಎಸ್ಸಿ. ಬಯೋಟೆಕ್ನಾಲಜಿ ಎರಡನೇ ವರ್ಷದಲ್ಲಿದ್ದೇನೆ. ರೋಗಿಗಳ ಜೊತೆ ಕೆಲಸ ಮಾಡಬೇಕು ಅಂತ ಆಸೆ. ಎಂ.ಪಿ.ಎಚ್. (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸ್) ಮಾಡ್ಲಾ, ಬಯೋಮೆಡಿಕಲ್ ಸೈನ್ಸ್‌ನಲ್ಲಿ ಎಂ.ಎಸ್. ಮಾಡ್ಲಾ, ಫಿಸಿಷಿಯನ್ ಅಸಿಸ್ಟೆಂಟ್ (ಡಾಕ್ಟರ್ ಜೊತೆ ಸೇರಿ ರೋಗಿಗಳನ್ನು ನೋಡುವವರು) ಕೋರ್ಸ್‌ಗೆ ಹೋಗ್ಲಾ? ಯಾವುದಕ್ಕೆ ಸ್ಕೋಪ್ ಜಾಸ್ತಿ?

ಸ್ಕೋಪ್ ಲೆಕ್ಕ ಆಮೇಲೆ ಹಾಕೋಣ. ನೀವು ಹೇಳಿರುವ ಮೂರೂ ಬೇರೆ ಬೇರೆ ಕಡೆ ಹೋಗುವ ದಾರಿಗಳು, ಸುಮ್ನೆ ಒಂದೇ ಸಾಲಿನಲ್ಲಿ ನಿಲ್ಲಿಸಿ ಹೋಲಿಸೋಕೆ ಆಗಲ್ಲ. ಆರೋಗ್ಯ ಕ್ಷೇತ್ರದ ಡಿಗ್ರಿಗಳಲ್ಲಿ ಎರಡು ಬಗೆ. ಕೆಲವನ್ನು ಮುಗಿಸಿ, ಪರೀಕ್ಷೆ ಬರೆದು, ಲೈಸೆನ್ಸ್ ತಗೊಂಡರೆ ರೋಗಿಯನ್ನು ಮುಟ್ಟಿ ಕೆಲಸ ಮಾಡಬಹುದು: ಡಾಕ್ಟರ್, ನರ್ಸ್, ದಂತವೈದ್ಯ, ಫಿಸಿಯೋಥೆರಪಿಸ್ಟ್, ಫಿಸಿಷಿಯನ್ ಅಸಿಸ್ಟೆಂಟ್ ಎಲ್ಲ ಈ ಬಗೆ. ಉಳಿದವಕ್ಕೂ ಲೈಸೆನ್ಸ್‌ಗೂ ಸಂಬಂಧವೇ ಇಲ್ಲ: ಎಂ.ಪಿ.ಎಚ್., ಆಸ್ಪತ್ರೆ ಆಡಳಿತ, ಬಯೋಸ್ಟ್ಯಾಟಿಸ್ಟಿಕ್ಸ್, ನೀವು ಕೇಳಿರುವ ಎಂ.ಎಸ್. ಕೂಡ. ಇವು ಕಮ್ಮಿ ಅಂತ ನಾನು ಹೇಳ್ತಿಲ್ಲ. ಕಾಯಿಲೆ ಎಲ್ಲಿಂದ ಹರಡ್ತಿದೆ, ಯಾವ ಲಸಿಕೆ ಯಾರಿಗೆ ಮೊದಲು ಸಿಗಬೇಕು ಅಂತ ಲೆಕ್ಕ ಹಾಕುವವರು ಇಲ್ಲಿಂದಲೇ ಬರೋದು. ಆದರೆ ಎಂ.ಪಿ.ಎಚ್. ಮುಗಿಸಿದ ಮೇಲೆ ರೋಗಿಗಳನ್ನು ನೋಡಬಹುದು ಅಂದುಕೊಂಡು ಸೇರಿ, ಎರಡು ವರ್ಷ ಕಳೆದ ಮೇಲೆ ಕಣ್ಣು ಬಿಡುವವರು ತುಂಬಾ ಜನ ಇದ್ದಾರೆ.

ಹಾಗಾಗಿ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಯಾವ ಕೆಲಸ ಬೇಕು, ಆ ದೇಶದಲ್ಲಿ ಆ ಕೆಲಸಕ್ಕೆ ಲೈಸೆನ್ಸ್ ಕೊಡೋರು ಯಾರು, ಅವರು ಯಾವ ಪರೀಕ್ಷೆ ಕೇಳ್ತಾರೆ, ಆ ಪರೀಕ್ಷೆಗೆ ಕೂರೋಕೆ ಯಾರ ಮಾನ್ಯತೆ ಇರುವ ಕೋರ್ಸ್ ಆಗಿರಬೇಕು, ಆ ಕೋರ್ಸ್‌ಗೆ ಸೇರಲು ಡಿಗ್ರಿಯಲ್ಲಿ ಏನೇನು ಓದಿರಬೇಕು. ಈ ಕ್ರಮದಲ್ಲಿ ಹುಡುಕಿದರೆ ಒಂದು ವಾರಾಂತ್ಯದಲ್ಲಿ ಅರ್ಧ ಗೊಂದಲ ಕರಗುತ್ತೆ. ಫಿಸಿಷಿಯನ್ ಅಸಿಸ್ಟೆಂಟನ್ನೇ ತಗೊಳ್ಳಿ. ಅಮೆರಿಕದಲ್ಲಿ ರಾಜ್ಯ ಸರ್ಕಾರ ಲೈಸೆನ್ಸ್ ಕೊಡಬೇಕಾದರೆ ಪ್ಯಾನ್ಸ್ ಅನ್ನೋ ಪರೀಕ್ಷೆ ಪಾಸಾಗಿರಬೇಕು, ಅದನ್ನು ಬರೆಯೋಕೆ ಎ.ಆರ್.ಸಿ.-ಪಿ.ಎ. ಅನ್ನೋ ಸಂಸ್ಥೆಯ ಮಾನ್ಯತೆ ಇರುವ ಕೋರ್ಸ್ ಮುಗಿಸಿರಬೇಕು, ಆ ಕೋರ್ಸ್‌ಗಳು ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಲ್ಯಾಬ್ ಜೊತೆಗಿನ ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್ ಇಂಥವನ್ನು ಕೇಳುತ್ತವೆ. ಬಯೋಟೆಕ್ನಾಲಜಿ ಸಿಲಬಸ್‌ನಲ್ಲಿ ಮನುಷ್ಯನ ಅನಾಟಮಿ ಎಷ್ಟಿದೆ ಅಂತ ಇವತ್ತೇ ನೋಡಿ. ಎರಡನೇ ವರ್ಷದಲ್ಲೇ ಗೊತ್ತಾದರೆ ಆ ಕೊರತೆ ತುಂಬಿಸಿಕೊಳ್ಳೋಕೆ ಸಮಯ ಇರುತ್ತೆ.

ಇದರ ಜೊತೆ ರೋಗಿಗಳ ಆರೈಕೆಯ ಅನುಭವವನ್ನೂ ಗಂಟೆಗಳ ಲೆಕ್ಕದಲ್ಲಿ ಕೇಳ್ತಾರೆ, ಎಷ್ಟೋ ಕಡೆ ನೂರಾರು ಗಂಟೆ, ಕೆಲವು ಕಡೆ ಸಾವಿರಕ್ಕೂ ಜಾಸ್ತಿ. ಈ ಕೋರ್ಸ್ ಶುರುವಾಗಿದ್ದೇ ಹಾಗೆ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸೇರಿದ ಮೊದಲ ಬ್ಯಾಚಿನವರು ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿ ಕೆಲಸ ಮಾಡಿ ಬಂದವರು. ಕೆಲಸ ಗೊತ್ತಿದ್ದವರಿಗೆ ಓದು ಕೊಡಿಸೋ ಏರ್ಪಾಡು ಅದು, ಆ ಗುಣ ಇನ್ನೂ ಹೋಗಿಲ್ಲ. ಇನ್ನೊಂದು ಮಾತು: ಮೂರು ವರ್ಷದ ಡಿಗ್ರಿಯನ್ನು ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ, ಕೆಲವು ಒಪ್ಪಲ್ಲ. ಅರ್ಜಿ ಶುಲ್ಕ ಕಟ್ಟೋ ಮೊದಲೇ ಅವರಿಗೆ ಮೇಲ್ ಹಾಕಿ ಕೇಳಿ.

ಪ್ರಶ್ನೆ: ಮಗಳು ಬಿ.ಎಸ್ಸಿ. ಮುಗಿಸ್ತಿದ್ದಾಳೆ. ಅಮೆರಿಕದಲ್ಲಿ ಡಿಗ್ರಿ ಆದ ಮೇಲೆ ಎಂ.ಡಿ. ಮಾಡೋದಂತೆ, ಹಾಗಾದರೆ ಇವಳೂ ನೇರವಾಗಿ ಸೇರಬಹುದಲ್ವಾ? ಎಂಕ್ಯಾಟ್ (ಅಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ) ಕೋಚಿಂಗ್‌ಗೆ ಹಾಕಬೇಕು ಅಂತಿದ್ದೀವಿ.

ಕೋಚಿಂಗ್ ಫೀಸ್ ಕಟ್ಟೋದನ್ನು ಸ್ವಲ್ಪ ತಡೆಯಿರಿ. ಅಲ್ಲಿ ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷ ಎಂ.ಡಿ. (ಅಲ್ಲಿ ಡಾಕ್ಟರಾಗುವ ಮೊದಲ ಡಿಗ್ರಿಯೇ ಇದು), ಆಮೇಲೆ ಕನಿಷ್ಠ ಮೂರು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ, ಅನ್ನೋದು ನಿಜ. ಆದರೆ ಅಲ್ಲಿನ ತುಂಬಾ ಮೆಡಿಕಲ್ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನೇ ತಗೊಳ್ಳಲ್ಲ. ತಗೊಳ್ಳುವ ಕಾಲೇಜುಗಳಲ್ಲೂ ಅಮೆರಿಕ ಅಥವಾ ಕೆನಡಾದ ಕಾಲೇಜಿನಲ್ಲಿ ಒಂದಿಷ್ಟು ವಿಷಯ ಓದಿರಲೇಬೇಕು ಅನ್ನುವ ಷರತ್ತು ಸಾಮಾನ್ಯ. ಹೆಚ್ಚಿನ ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹೋಗೋದು ಆಮ್ಕಾಸ್ ಅನ್ನೋ ಒಂದೇ ಅರ್ಜಿ ಸೇವೆಯ ಮೂಲಕ, ಅವರು ವಿದೇಶದ ಅಂಕಪಟ್ಟಿಯನ್ನು ಪರಿಶೀಲಿಸೋದಿಲ್ಲ. ಅಲ್ಲಿನ ಸರ್ಕಾರದ ವಿದ್ಯಾರ್ಥಿ ಸಾಲವೂ ಸಿಗಲ್ಲ. ಕೆಲವು ಕಾಲೇಜುಗಳಂತೂ ಒಂದು ವರ್ಷದ, ಕೆಲವೊಮ್ಮೆ ನಾಲ್ಕೂ ವರ್ಷದ ಫೀಸನ್ನು ಮೊದಲೇ ಠೇವಣಿ ಇಡಿ ಅನ್ನುತ್ತವೆ.

ಎಂಕ್ಯಾಟ್ ಅಂದರೆ ಊಟದ ಬಿಡುವೂ ಸೇರಿ ಸುಮಾರು ಏಳೂವರೆ ಗಂಟೆಯ ಪರೀಕ್ಷೆ, 472ರಿಂದ 528ರವರೆಗೆ ಅಂಕ. ಅದರಲ್ಲಿ ಒಂದು ಭಾಗ ಬರೀ ಓದಿ ಅರ್ಥ ಮಾಡಿಕೊಳ್ಳೋದು, ಗುರುತು ಪರಿಚಯವಿಲ್ಲದ ಲೇಖನ ಕೊಟ್ಟು ಬರೆದವರ ಮನಸ್ಸಿನಲ್ಲೇನಿದೆ ಅಂತ ಕೇಳ್ತಾರೆ. ಬಾಯಿಪಾಠದಲ್ಲಿ ಗೆದ್ದು ಬಂದವರು ಎಡವೋದು ಅಲ್ಲೇ.

ಡಾಕ್ಟರೇ ಆಗಬೇಕು ಅನ್ನೋದಾದರೆ ಇನ್ನೊಂದು ದಾರಿ ಇದೆ. ತನ್ನ ದೇಶದಲ್ಲೇ ವೈದ್ಯಕೀಯ ಡಿಗ್ರಿ ಮುಗಿಸಿ, ಯು.ಎಸ್.ಎಂ.ಎಲ್.ಇ. ಅನ್ನೋ ಹಂತ ಹಂತದ ಲೈಸೆನ್ಸ್ ಪರೀಕ್ಷೆ ಬರೆದು, ವಿದೇಶದಲ್ಲಿ ಓದಿದ ಡಾಕ್ಟರುಗಳಿಗೆ ಕೊಡುವ ಇ.ಸಿ.ಎಫ್.ಎಂ.ಜಿ. ಪ್ರಮಾಣಪತ್ರ ಪಡೆದು ರೆಸಿಡೆನ್ಸಿಗೆ ಅರ್ಜಿ ಹಾಕೋದು. ವಿದೇಶದಿಂದ ಹೋಗುವ ಡಾಕ್ಟರುಗಳು ಹೋಗೋದು ಹೀಗೇ. ಮೊದಲ ಹಂತದ ಪರೀಕ್ಷೆಗೆ 2022ರಿಂದ ಬರೀ ಪಾಸ್ ಅಥವಾ ಫೇಲ್, ಅಂಕ ಇಲ್ಲ. ಹಾಗಾಗಿ ಎರಡನೇ ಹಂತದ ಅಂಕಕ್ಕೆ ಬೆಲೆ ಏರಿದೆ. ಬಿ.ಎಸ್ಸಿ. ಆದವಳು ಮತ್ತೆ ಮೊದಲಿಂದ ಶುರು ಮಾಡಬೇಕಾ ಅಂತ ನೀವು ಕೇಳ್ತೀರಿ. ಹೌದು, ಮಾಡಬೇಕು. ಅದಕ್ಕೆ ಅವಳಿಗೆ ಮನಸ್ಸಿದೆಯಾ ಅಂತ ಅವಳನ್ನೇ ಕೇಳಿ. ಪತ್ರದಲ್ಲಿ ಅವಳ ಮಾತು ಒಂದೂ ಇಲ್ಲ.

ಪ್ರಶ್ನೆ: ಫಿಸಿಯೋಥೆರಪಿ ಡಿಗ್ರಿ ಇದೆ. ಅಮೆರಿಕದಲ್ಲಿ ಕಿನೀಸಿಯಾಲಜಿ (ದೇಹದ ಚಲನೆಯ ಅಧ್ಯಯನ) ಎಂ.ಎಸ್. ಮಾಡಿದರೆ ಅಲ್ಲೇ ಫಿಸಿಯೋ ಆಗಿ ಕೆಲಸ ಸಿಗುತ್ತೆ ಅಂತ ಏಜೆಂಟ್ ಹೇಳ್ತಿದ್ದಾರೆ.

ಆ ಎಂ.ಎಸ್.ನಿಂದ ಲೈಸೆನ್ಸ್ ಬರಲ್ಲ. ಅಲ್ಲಿ ಫಿಸಿಯೋ ಆಗಬೇಕಾದರೆ ಎನ್.ಪಿ.ಟಿ.ಇ. ಪರೀಕ್ಷೆ ಪಾಸಾಗಬೇಕು, ಲೈಸೆನ್ಸ್ ಕೊಡೋದು ಆಯಾ ರಾಜ್ಯ. ಅಲ್ಲಿನವರಿಗೆ ಈಗ ಡಿ.ಪಿ.ಟಿ. ಅನ್ನೋ ಡಾಕ್ಟರೇಟ್ ಮಟ್ಟದ ಕೋರ್ಸೇ ಆರಂಭದ ಡಿಗ್ರಿ. ಹೊರಗೆ ಓದಿದವರ ಡಿಗ್ರಿ ಅದಕ್ಕೆ ಸಮ ಇದೆಯಾ ಅಂತ ಮೌಲ್ಯಮಾಪನ ಮಾಡಿಸಬೇಕು, ಯಾರಿಂದ ಮಾಡಿಸಬೇಕು ಅನ್ನೋದನ್ನು ರಾಜ್ಯವೇ ಹೇಳುತ್ತೆ. ಮೊದಲು ರಾಜ್ಯ ಆರಿಸಿಕೊಳ್ಳಿ, ಅಲ್ಲಿನ ಬೋರ್ಡಿನ ನಿಯಮ ಓದಿ, ಆಮೇಲೆ ಏಜೆಂಟ್ ಹತ್ತಿರ ಒಂದೇ ಒಂದು ಪ್ರಶ್ನೆ ಕೇಳಿ: ಈ ಕೋರ್ಸ್ ಮುಗಿಸಿದವರಿಗೆ ಯಾವ ನಿಯಮದ ಪ್ರಕಾರ ಲೈಸೆನ್ಸ್ ಸಿಗುತ್ತೆ? ಬರೆದು ಕೊಡಿ ಅನ್ನಿ.

ಪ್ರಶ್ನೆ: ಜಿ.ಆರ್.ಇ. (ಸ್ನಾತಕೋತ್ತರ ಕೋರ್ಸ್‌ಗಳ ಪ್ರವೇಶ ಪರೀಕ್ಷೆ) ಬೇಕಾ, ಬೇಡವಾ?

ಎಂ.ಪಿ.ಎಚ್. ಕೊಡುವ ಎಷ್ಟೋ ಕಡೆ ಈಗ ಕೇಳಲ್ಲ. ನಿಮ್ಮ ಪಟ್ಟಿಯಲ್ಲಿ ಒಂದೇ ಒಂದು ಕಾಲೇಜು ಕೇಳಿದರೂ, ಅದು ನಿಜವಾಗಿ ಬೇಕಾದ ಕಾಲೇಜಾಗಿದ್ದರೆ ಬರೆಯಿರಿ. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ ಎರಡು ಗಂಟೆಯೊಳಗೆ ಮುಗಿಯುತ್ತೆ, ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತೆ.

ಪ್ರಶ್ನೆ: ಮೂರನೇ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಹೋಗಿತ್ತು, ಆಮೇಲೆ ಬರೆದು ಪಾಸಾದೆ. ಹಳೇ ಅಂಕ ತೋರಿಸದೇ ಇರಬಹುದಾ?

ಬೇಡ. ಎಲ್ಲ ಅಂಕಪಟ್ಟಿ ಕೊಡಿ ಅಂತಲೇ ಕೇಳ್ತಾರೆ. ಮುಚ್ಚಿಟ್ಟಿದ್ದು ಗೊತ್ತಾದರೆ ಸೀಟು ಸಿಕ್ಕ ಮೇಲೂ ಕಿತ್ತುಕೊಳ್ಳಬಹುದು. ಅರ್ಜಿಯಲ್ಲಿ ಎರಡು ಸಾಲು ಸಾಕು: ಏನಾಗಿತ್ತು, ಆಮೇಲೆ ಏನು ಬದಲಾಯಿತು. ಅಳು ಬೇಡ, ಸಮಜಾಯಿಷಿ ಬೇಡ. ಕೊನೆಯ ಮೂರು ಸೆಮಿಸ್ಟರ್ ಚೆನ್ನಾಗಿದ್ದರೆ ಅದೇ ನಿಮ್ಮ ಪರವಾಗಿ ವಾದ ಮಾಡುತ್ತೆ.

ಪ್ರಶ್ನೆ: ಪರ್ಸನಲ್ ಸ್ಟೇಟ್‌ಮೆಂಟ್ ಬರೆದಿದ್ದೇನೆ, 'ಚಿಕ್ಕಂದಿನಿಂದಲೂ ಜನಸೇವೆ ಮಾಡುವ ಕನಸು' ಅಂತ ಶುರುವಾಗುತ್ತೆ. ನೋಡಿ ಹೇಳ್ತೀರಾ?

ಓದಿದೆ. ಮೊದಲ ಎರಡು ಪ್ಯಾರಾ ಯಾರು ಬೇಕಾದರೂ ಬರೆಯಬಹುದಾಗಿತ್ತು. ಮೂರನೇ ಪ್ಯಾರಾದಲ್ಲಿ, ಪಾರ್ಶ್ವವಾಯು ಆದ ಅಜ್ಜನಿಗೆ ಥೆರಪಿಸ್ಟ್ ಚಮಚ ಹಿಡಿಯೋದನ್ನು ಮತ್ತೆ ಕಲಿಸಿದ್ದು, ಅಜ್ಜ ಸಿಟ್ಟಿನಿಂದ ಚಮಚ ಎಸೆದಾಗ ಅವರು ಸುಮ್ಮನೆ ದಪ್ಪ ಹಿಡಿಯ ಇನ್ನೊಂದು ಚಮಚ ತಂದುಕೊಟ್ಟಿದ್ದು ಬರುತ್ತಲ್ಲ, ಅಲ್ಲಿ ನಾನು ಎದ್ದು ಕೂತೆ. ಅಲ್ಲಿಂದ ಶುರು ಮಾಡಿ. ಮೇಲಿನದನ್ನು ಹೊಡೆದುಹಾಕಿ. ಆಮೇಲೆ ಆ ಥೆರಪಿಸ್ಟ್ ಏನು ಯೋಚಿಸಿದ್ದಿರಬಹುದು, ನೀವು ಅದಾದ ಮೇಲೆ ಏನು ಹುಡುಕಿ ಓದಿದಿರಿ, ಎಲ್ಲಿ ಹೋಗಿ ನೋಡಿದಿರಿ ಅಂತ ಬರೆಯಿರಿ. ದುಃಖದ ಕಥೆ ಸಾವಿರ ಬರುತ್ತವೆ, ಕೆಲಸವನ್ನು ಗಮನಿಸಿದವರು ಕಮ್ಮಿ. ಜಾಗ ಚಿಕ್ಕದು ಅನ್ನೋದೂ ನೆನಪಿರಲಿ, ಎಂ.ಡಿ. ಅರ್ಜಿಯಲ್ಲಿ ಖಾಲಿ ಜಾಗವೂ ಸೇರಿ 5,300 ಅಕ್ಷರ ಅಷ್ಟೇ. ಬೇರೆಯವರಿಂದಲೋ ಎ.ಐ.ನಿಂದಲೋ ಬರೆಸಿದರೆ ಏನಾಗುತ್ತೆ ಅಂತಲೂ ಕೇಳಿದ್ದೀರಿ. ಸಂದರ್ಶನದಲ್ಲಿ ಅದರ ಒಂದೊಂದು ಸಾಲು ಹಿಡಿದು ಪ್ರಶ್ನೆ ಕೇಳ್ತಾರೆ, ಆಗ ಉತ್ತರ ಹೇಳಬೇಕಾದವರು ನೀವೇ.

ಪ್ರಶ್ನೆ: ರಕ್ತ ನೋಡಿದರೆ ತಲೆ ತಿರುಗಿ ಬೀಳ್ತೇನೆ. ಈ ಕ್ಷೇತ್ರ ನನಗಲ್ಲ ಅಂತಲಾ?

ಹಾಗೇನಿಲ್ಲ. ರಕ್ತ ಕಂಡಾಗ ಕೆಲವರಿಗೆ ಎದೆಬಡಿತ ನಿಧಾನವಾಗಿ ಬಿ.ಪಿ. ಇಳಿಯುತ್ತೆ, ಮಿದುಳಿಗೆ ರಕ್ತ ಸಾಲದೆ ಬೀಳ್ತಾರೆ. ಧೈರ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದಕ್ಕೊಂದು ಅಭ್ಯಾಸ ಇದೆ: ಕೂತುಕೊಂಡು ಕೈ, ಕಾಲು, ಹೊಟ್ಟೆಯ ಮಾಂಸಖಂಡಗಳನ್ನು 10–15 ಸೆಕೆಂಡ್ ಬಿಗಿ ಹಿಡಿಯೋದು, 20–30 ಸೆಕೆಂಡ್ ಸಡಿಲ ಬಿಡೋದು, ಹೀಗೆ ಐದು ಸಲ. ಬಿಗಿ ಹಿಡಿದಾಗ ಬಿ.ಪಿ. ಸ್ವಲ್ಪ ಏರುತ್ತೆ, ಬೀಳೋದು ತಪ್ಪುತ್ತೆ. ಒಬ್ಬ ಮನೋವೈದ್ಯರ ಅಥವಾ ಸೈಕಾಲಜಿಸ್ಟ್ ಸಹಾಯದಲ್ಲಿ, ಮೊದಲು ಚಿತ್ರ, ಆಮೇಲೆ ವಿಡಿಯೋ ಅಂತ ಮುಂದುವರಿಯಿರಿ. ಅಷ್ಟಾಗಿಯೂ ಬೇಡ ಅನ್ನಿಸಿದರೆ ಆಡಿಯಾಲಜಿ (ಕೇಳುವ ಶಕ್ತಿಯ ಪರೀಕ್ಷೆ, ಆರೈಕೆ), ಸ್ಪೀಚ್ ಥೆರಪಿ, ಜೆನೆಟಿಕ್ ಕೌನ್ಸೆಲಿಂಗ್ (ವಂಶವಾಹಿ ಕಾಯಿಲೆಗಳ ಬಗ್ಗೆ ಸಲಹೆ) ಇವೆ, ಅಲ್ಲಿ ರಕ್ತದ ಕೆಲಸ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ.

ಪ್ರಶ್ನೆ: ಅನುಭವ ಬೇಕು ಅಂತಾರೆ, ಆಸ್ಪತ್ರೆಗೆ ಹೋದರೆ ಒಳಗೇ ಬಿಡಲ್ಲ. ಏನು ಮಾಡೋದು?

ಅವರು ಬಿಡದಿರೋದು ಸರಿಯೇ, ರೋಗಿಯ ಖಾಸಗಿತನ ಅವರ ಹೊಣೆ. ದೊಡ್ಡ ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ ಕೇಳೋದಕ್ಕಿಂತ ಒಬ್ಬರೇ ನಡೆಸುವ ಕ್ಲಿನಿಕ್, ವೃದ್ಧಾಶ್ರಮ, ವಿಶೇಷ ಮಕ್ಕಳ ಶಾಲೆ, ಕೊನೆಗಾಲದ ಆರೈಕೆ ಕೇಂದ್ರ ಇಂಥ ಕಡೆ ಕೇಳಿ. 'ಶ್ಯಾಡೋಯಿಂಗ್ ಬೇಕು' ಅನ್ನಬೇಡಿ. 'ವಾರಕ್ಕೆ ಎರಡು ದಿನ ಬರ್ತೀನಿ, ಏನು ಕೆಲಸ ಕೊಟ್ಟರೂ ಮಾಡ್ತೀನಿ, ಬಿಡುವಿದ್ದಾಗ ಪಕ್ಕದಲ್ಲಿ ನಿಂತು ನೋಡೋಕೆ ಬಿಡಿ' ಅನ್ನಿ. ಹೋದ ದಿನವೇ ದಿನಾಂಕ, ಎಷ್ಟು ಗಂಟೆ, ಏನು ಮಾಡಿದಿರಿ, ಮೇಲ್ವಿಚಾರಕರು ಯಾರು, ಅವರ ಫೋನ್ ಮತ್ತು ಮೇಲ್ ಬರೆದಿಟ್ಟುಕೊಳ್ಳಿ. ರೋಗಿಯ ಹೆಸರು ಎಲ್ಲೂ ಬೇಡ, ಫೋಟೋ ಅಂತೂ ಬೇಡವೇ ಬೇಡ. ಶಿಫಾರಸು ಪತ್ರ ಕೇಳೋದಿದ್ದರೆ ಕೊನೆ ತಾರೀಖಿಗೆ ಎರಡು ತಿಂಗಳು ಮೊದಲೇ ಕೇಳಿ, ಕೇಳುವಾಗ ಈ ಪಟ್ಟಿಯ ಒಂದು ಪ್ರತಿಯನ್ನೂ ಅವರಿಗೆ ಕೊಡಿ.