ಸಾವಿರ ಕಣ್ಣುಗಳು ಎಲ್ಲಿದ್ದವು? ಎಕ್ಸ್‌ಝಡ್ ಪ್ರಕರಣದ ನಂತರ ಲಿನಕ್ಸ್ ಅನ್ನು ನಂಬುವ ಬಗ್ಗೆ

ನೀವು ಒಂದೇ ಉಸಿರಿಗೆ ಎರಡು ಪ್ರಶ್ನೆ ಕೇಳಿದ್ದೀರಿ. ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದಾದ ಮುಕ್ತ ತಂತ್ರಾಂಶ ಸಾವಿರಾರು ಜನ ನೋಡುತ್ತಿರುವುದರಿಂದ ಸುರಕ್ಷಿತ ಎಂದು ಲಿನಕ್ಸ್ ಅಭಿಮಾನಿಗಳು ಹೇಳುತ್ತಲೇ ಬಂದಿದ್ದೀರಲ್ಲ, 2024ರಲ್ಲಿ ಎಕ್ಸ್‌ಝಡ್ ತಂತ್ರಾಂಶದೊಳಗೆ ಹಿಂಬಾಗಿಲು (ಹೊರಗಿನವರು ಕದ್ದು ಒಳನುಗ್ಗಲು ಇಟ್ಟ ಗುಪ್ತ ದಾರಿ) ಸೇರಿಕೊಂಡಾಗ ಆ ಕಣ್ಣುಗಳೆಲ್ಲ ಎಲ್ಲಿದ್ದವು ಎಂಬುದು ಮೊದಲನೆಯದು. ವಿಂಡೋಸ್ 10ಕ್ಕೆ ಬೆಂಬಲ ನಿಂತಿರುವುದರಿಂದ ಮನೆಯ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಳ್ಳಬಹುದೇ ಎಂಬುದು ಎರಡನೆಯದು. ಎರಡನೆಯದಕ್ಕೆ ನನ್ನ ಉತ್ತರ ಹೌದು. ಅದರ ವಿವರವನ್ನು ಕೊನೆಯಲ್ಲಿ ಬರೆಯುತ್ತೇನೆ. ಮೊದಲನೆಯದು ನಮ್ಮವರಲ್ಲಿ ಅನೇಕರಿಗೆ ಮುಜುಗರ ತರುವ ಪ್ರಶ್ನೆಯಾದ್ದರಿಂದ ಅದಕ್ಕೆ ಸ್ವಲ್ಪ ಸಾವಧಾನವಾಗಿಯೇ ಉತ್ತರಿಸಬೇಕು.

ಸಾಕಷ್ಟು ಜನ ನೋಡಿದರೆ ಯಾವ ದೋಷವೂ ಬಹುಕಾಲ ಅಡಗಿರಲಾರದು ಎಂಬ ಮಾತನ್ನು 1990ರ ದಶಕದಲ್ಲಿ ಚಲಾವಣೆಗೆ ತಂದವರು ಮುಕ್ತ ತಂತ್ರಾಂಶದ ಪ್ರತಿಪಾದಕ ಎರಿಕ್ ರೇಮಂಡ್. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರ ಮೇಲಿನ ಗೌರವದಿಂದ ಅದಕ್ಕೆ ಲಿನಸ್ ನಿಯಮ ಎಂದು ಹೆಸರಿಟ್ಟವರೂ ಅವರೇ. ನನ್ನ ದೃಷ್ಟಿಯಲ್ಲಿ ಅದು ನಿಯಮವಲ್ಲ, ಒಂದು ಹಾರೈಕೆ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗಲೇ ಇದು ಸ್ಪಷ್ಟವಾಗಿತ್ತು. ಅಂತರಜಾಲದ ದೊಡ್ಡ ಪಾಲಿನ ವ್ಯವಹಾರವನ್ನು ಗುಪ್ತಲಿಪಿಗೊಳಿಸುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಆ ದೋಷ ಎರಡು ವರ್ಷಕ್ಕೂ ಹೆಚ್ಚು ಕಾಲ ಎಲ್ಲರ ಕಣ್ಣೆದುರಿಗೇ ಇತ್ತು. ಆಗ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ. ನೋಡಲು ಎಲ್ಲರಿಗೂ ಅವಕಾಶವಿತ್ತು. ಆದರೆ ಎಲ್ಲರೂ ಬೇರೆ ಯಾರೋ ನೋಡುತ್ತಿರುತ್ತಾರೆ ಎಂದುಕೊಂಡಿದ್ದರು.

ಹಾರ್ಟ್‌ಬ್ಲೀಡ್ ಕೈತಪ್ಪಿನಿಂದ ಆದದ್ದು. ಎಕ್ಸ್‌ಝಡ್‌ನಲ್ಲಿ ಆದದ್ದು ವರ್ಷಗಟ್ಟಲೆ ಹೂಡಿದ ಸಂಚು, ಆದ್ದರಿಂದ ಅದನ್ನು ಬೇರೆಯಾಗಿಯೇ ನೋಡಬೇಕು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಸಣ್ಣ ಸಲಕರಣೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಬಿಡುಗಡೆಗಳೇ ಈ ರೂಪದಲ್ಲಿ ಕುಗ್ಗಿಸಲ್ಪಟ್ಟು ಬರುತ್ತವೆ, ಹೆಚ್ಚುಕಡಿಮೆ ಪ್ರತಿಯೊಂದು ಡಿಸ್ಟ್ರೋದಲ್ಲೂ (ಡೆಬಿಯನ್, ಉಬುಂಟುವಿನಂತೆ ಲಿನಕ್ಸ್ ಅನ್ನು ಸಿದ್ಧರೂಪದಲ್ಲಿ ಕೊಡುವ ಹಂಚಿಕೆ) ಅದು ಇರುತ್ತದೆ. ಇಷ್ಟು ವ್ಯಾಪಕವಾಗಿ ಬಳಕೆಯಲ್ಲಿರುವ ಇದನ್ನು ಫಿನ್ಲೆಂಡಿನ ಲಾಸೆ ಕಾಲಿನ್ ಎಂಬ ಒಬ್ಬರೇ, ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ನಿರ್ವಹಿಸುತ್ತಿದ್ದರು. 2021ರಲ್ಲಿ ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಯಾರೋ ಬಂದು ಸಣ್ಣಪುಟ್ಟ ತಿದ್ದುಪಡಿಗಳನ್ನು ಕಳುಹಿಸತೊಡಗಿದರು. 2022ರಲ್ಲಿ ಇನ್ನೆರಡು ಅಪರಿಚಿತ ಹೆಸರುಗಳು ಕಾಣಿಸಿಕೊಂಡು, ಕೆಲಸ ನಿಧಾನವಾಗುತ್ತಿದೆ, ಹೊಸಬರಿಗೆ ಅಧಿಕಾರ ಬಿಟ್ಟುಕೊಡಿ ಎಂದು ಕಾಲಿನ್ ಅವರನ್ನು ಪೀಡಿಸತೊಡಗಿದವು. ಇದು ಸಂಬಳವಿಲ್ಲದ ಹವ್ಯಾಸದ ಯೋಜನೆ ಎಂಬುದನ್ನು ದಯವಿಟ್ಟು ನೆನಪಿಡಿ ಎಂದು ಅವರು ಉತ್ತರಿಸಬೇಕಾಯಿತು. 2023ರ ಹೊತ್ತಿಗೆ ಬಿಡುಗಡೆಗಳನ್ನು ಸಿದ್ಧಪಡಿಸುವ ಕೆಲಸ ಜಿಯಾ ಟ್ಯಾನ್ ಕೈಗೆ ಬಂದಿತ್ತು. ಆ ಹೆಸರಿನ ಹಿಂದೆ ಇದ್ದದ್ದು ಒಬ್ಬ ವ್ಯಕ್ತಿಯೋ, ಒಂದು ಗುಂಪೋ, ಯಾವುದಾದರೂ ಸರ್ಕಾರವೋ ಎಂಬುದು ಬಹಿರಂಗವಾಗಿಲ್ಲ.

ಕೈಚಳಕವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಕಡತ ಕುಗ್ಗಿಸುವ ತಂತ್ರಾಂಶವನ್ನು ಪರೀಕ್ಷಿಸಬೇಕಾದರೆ ಬೇಕೆಂದೇ ಕೆಡಿಸಿದ ಕೆಲವು ಕಡತಗಳನ್ನು ಇಟ್ಟುಕೊಂಡಿರಬೇಕಾಗುತ್ತದೆ. ಅವುಗಳಲ್ಲಿ ಅರ್ಥವಾಗದ ಬೈಟುಗಳ ರಾಶಿ ಇರುವುದು ಸಹಜವಾದ್ದರಿಂದ ಯಾರೂ ಅವನ್ನು ತೆರೆದು ಓದುವುದಿಲ್ಲ. ಹಿಂಬಾಗಿಲನ್ನು ಬಚ್ಚಿಟ್ಟದ್ದು ಅಂಥ ಪರೀಕ್ಷಾ ಕಡತಗಳೊಳಗೆ. ಅದನ್ನು ಹೊರತೆಗೆದು ಮೂಲ ತಂತ್ರಾಂಶಕ್ಕೆ ಹೊಲಿಯುವ ಮೊದಲ ಸಾಲುಗಳು ತಂತ್ರಾಂಶದ ಸಾಲುಗಳನ್ನು ಬದಲಾವಣೆಗಳ ಸಮೇತ ಇಟ್ಟಿರುವ, ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ. ಬಿಡುಗಡೆಗೆಂದು ಪ್ರತ್ಯೇಕವಾಗಿ ಕಟ್ಟುವ ಟಾರ್ ಎಂಬ ಗಂಟು ಕಡತದಲ್ಲಿ ಮಾತ್ರ ಇದ್ದವು. ಸಾವಿರ ಜನ ಗಿಟ್‌ನಲ್ಲಿ ಒಂದೊಂದು ಸಾಲನ್ನೂ ಓದಿದ್ದರೂ ಆ ಸಾಲುಗಳು ಅವರಿಗೆ ಸಿಗುತ್ತಿರಲಿಲ್ಲ. ಅದೂ ಸಾಲದೆಂಬಂತೆ, ಇಂಟೆಲ್ ಮತ್ತು ಎಎಂಡಿಯ 64 ಬಿಟ್ ಯಂತ್ರಗಳಿಗಾಗಿ ಡಿಸ್ಟ್ರೋಗಳು ಬಳಸುವ ಡೆಬ್ ಅಥವಾ ಆರ್‌ಪಿಎಂ ಪ್ಯಾಕೇಜ್ ಕಟ್ಟುವಾಗ ಮಾತ್ರ ಅದು ಎಚ್ಚರಗೊಳ್ಳುತ್ತಿತ್ತು. ಕುತೂಹಲಕ್ಕೆ ಮನೆಯಲ್ಲಿ ಕಂಪೈಲ್ ಮಾಡಿ ನೋಡುವವನಿಗೆ ಏನೂ ಕಾಣಿಸುತ್ತಿರಲಿಲ್ಲ.

ಗುರಿ ಇದ್ದದ್ದು ದೂರದ ಯಂತ್ರಗಳಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರ್‌ನ ಮೇಲೆ. ವಿಚಿತ್ರವೆಂದರೆ ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್‌ಗೂ ನೇರ ಸಂಬಂಧವೇ ಇಲ್ಲ. ಸೇವೆ ಆರಂಭವಾದದ್ದನ್ನು, ಯಂತ್ರದ ಸೇವೆಗಳನ್ನೆಲ್ಲ ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ತಿಳಿಸಲೆಂದು ಡೆಬಿಯನ್, ಫೆಡೋರಾ ಮುಂತಾದ ಡಿಸ್ಟ್ರೋಗಳು ಎಸ್‌ಎಸ್‌ಎಚ್‌ಗೆ ತಮ್ಮದೇ ಒಂದು ತೇಪೆ ಹಾಕಿದ್ದವು. ಸಿಸ್ಟಮ್‌ಡಿಯ ಲೈಬ್ರರಿಯು (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಭಾಗ) ಎಕ್ಸ್‌ಝಡ್‌ನ ಲೈಬ್ರರಿಯನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಿತ್ತು. ಈ ಬಳಸುದಾರಿಯಲ್ಲಿ ಒಳಹೊಕ್ಕ ಹಿಂಬಾಗಿಲು, ಒಂದು ನಿರ್ದಿಷ್ಟ ಗುಪ್ತ ಕೀಲಿ ಇದ್ದವರು ಲಾಗಿನ್ ಕೂಡ ಆಗದೆ ಆ ಯಂತ್ರದಲ್ಲಿ ಯಾವ ಆದೇಶವನ್ನಾದರೂ ಓಡಿಸಲು ಅನುವು ಮಾಡಿಕೊಡುತ್ತಿತ್ತು. ಸಿಸ್ಟಮ್‌ಡಿ ಬೇಕೇ ಬೇಡವೇ ಎಂದು ನಮ್ಮವರು ಹತ್ತು ವರ್ಷಕ್ಕೂ ಮೇಲ್ಪಟ್ಟು ಕಚ್ಚಾಡಿದ್ದಾರೆ, ಆ ಜಗಳದಲ್ಲಿ ಎರಡೂ ಕಡೆಯವರು ಪುಟಗಟ್ಟಲೆ ಬರೆದಿದ್ದಾರೆ. ಇಂಥದ್ದೊಂದು ಕೊಂಡಿಯನ್ನು ಬಳಸಿಕೊಳ್ಳಬಹುದೆಂದು ಕೂತು ಲೆಕ್ಕ ಹಾಕಿದವರು ಮಾತ್ರ ಕಳ್ಳರು.

ಹಿಂಬಾಗಿಲು ಹೊತ್ತ ಎಕ್ಸ್‌ಝಡ್ ಆವೃತ್ತಿ 5.6.0 ಬಿಡುಗಡೆಯಾದದ್ದು 2024ರ ಫೆಬ್ರುವರಿ 24ರಂದು, 5.6.1 ಬಂದದ್ದು ಮಾರ್ಚ್ 9ರಂದು. ಅದನ್ನು ಬೇಗ ಸೇರಿಸಿಕೊಳ್ಳುವಂತೆ ಡಿಸ್ಟ್ರೋಗಳ ಮೇಲೆ ಒತ್ತಡವೂ ಬಂತು. ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಎಲ್ಲವನ್ನೂ ಬಯಲು ಮಾಡಿದರು. ಅವರು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಅಭಿವೃದ್ಧಿಕಾರರು, ಕೆಲಸ ಮಾಡುವುದು ಮೈಕ್ರೋಸಾಫ್ಟ್‌ನಲ್ಲಿ. (ಮೈಕ್ರೋಸಾಫ್ಟ್ ಎಂದರೆ ಹುಬ್ಬು ಗಂಟಿಕ್ಕುವ ನನ್ನ ಗೆಳೆಯರಿಗೆ ಈ ವಿವರವನ್ನು ಆಗಾಗ ನೆನಪಿಸುವುದು ನನಗೆ ಇಷ್ಟ.) ಡೆಬಿಯನ್‌ನ ಅಸ್ಥಿರ ಆವೃತ್ತಿಯಲ್ಲಿ ಡೇಟಾಬೇಸ್‌ನ ವೇಗವನ್ನು ಅಳೆಯಲು ಯಂತ್ರವನ್ನು ಸದ್ದುಗದ್ದಲವಿಲ್ಲದ ಸ್ಥಿತಿಗೆ ತರುತ್ತಿದ್ದಾಗ, ತಪ್ಪು ಬಳಕೆದಾರರ ಹೆಸರುಗಳಿಂದ ಬಂದು ಕೂಡಲೇ ತಿರಸ್ಕೃತವಾಗಬೇಕಾಗಿದ್ದ ಎಸ್‌ಎಸ್‌ಎಚ್ ಕೋರಿಕೆಗಳು ಅತಿಯಾಗಿ ಸಿಪಿಯು ತಿನ್ನುತ್ತಿರುವುದು ಅವರ ಗಮನಕ್ಕೆ ಬಂತು. ಸುಮಾರು 0.3 ಸೆಕೆಂಡಿನಲ್ಲಿ ಮುಗಿಯಬೇಕಾದದ್ದು 0.8 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ನಮ್ಮಂಥವರು ನೆಟ್‌ವರ್ಕ್ ನಿಧಾನವಾಗಿದೆ ಎಂದು ಸುಮ್ಮನಾಗುತ್ತಿದ್ದೆವು. ಅವರು ಅರ್ಧ ಸೆಕೆಂಡಿನ ಬೆನ್ನು ಹತ್ತಿ ಹೋದರು, ಕೆಲವು ವಾರಗಳ ಹಿಂದೆ ಮೆಮೊರಿ ದೋಷ ಹುಡುಕುವ ವ್ಯಾಲ್‌ಗ್ರಿಂಡ್ ಎಂಬ ಸಲಕರಣೆ ಕೊಟ್ಟಿದ್ದ ವಿಚಿತ್ರ ದೂರನ್ನು ನೆನಪಿಸಿಕೊಂಡರು, ಎರಡನ್ನೂ ಜೋಡಿಸಿದರು. ಅಷ್ಟರಲ್ಲಿ ಆ ಆವೃತ್ತಿಗಳು ಡೆಬಿಯನ್‌ನ ಅಸ್ಥಿರ ಮತ್ತು ಪರೀಕ್ಷಾ ಶಾಖೆಗಳು, ಫೆಡೋರಾ ರಾಹೈಡ್, ಓಪನ್‌ಸೂಸೆ ಟಂಬಲ್‌ವೀಡ್‌ನಂಥ ಮುಂಚೂಣಿಯ ಡಿಸ್ಟ್ರೋಗಳನ್ನು ತಲುಪಿದ್ದವು. ಡೆಬಿಯನ್‌ನ ಸ್ಥಿರ ಆವೃತ್ತಿ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಮುಂತಾದವುಗಳನ್ನು ತಲುಪಿರಲಿಲ್ಲ. ಉಬುಂಟು 24.04ರ ಬೀಟಾ ಒಂದು ವಾರ ಮುಂದಕ್ಕೆ ಹೋಯಿತು.

ಹಾಗಾದರೆ ಕಣ್ಣುಗಳು ಕೆಲಸ ಮಾಡಿದವೋ ಇಲ್ಲವೋ? ಸಾವಿರ ಕಣ್ಣುಗಳು ಮಾಡಲಿಲ್ಲ, ಹಟಮಾರಿಯಾದ ಒಂದು ಜೊತೆ ಕಣ್ಣು ಮಾಡಿತು. ಇದರಿಂದ ಮುಕ್ತ ತಂತ್ರಾಂಶ ಗೆದ್ದಿತು ಎಂದು ಕೆಲವರು ಬೀಗಿದ್ದನ್ನು ನಾನು ಒಪ್ಪುವುದಿಲ್ಲ. ಅದೃಷ್ಟದ ಪಾಲು ಅದರಲ್ಲಿ ದೊಡ್ಡದಿತ್ತು. ಆದರೆ ಮುಕ್ತತೆಯಿಂದ ಸಿಗುವುದು ಏನು ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಯಾರೋ ಕಾವಲು ಕಾಯುತ್ತಿದ್ದಾರೆ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ. ಅನುಮಾನ ಬಂದವನು ಯಾರ ಅಪ್ಪಣೆಗೂ ಕಾಯದೆ ಬುಡದವರೆಗೆ ಅಗೆದು ನೋಡಬಹುದು ಎಂಬ ಅನುಕೂಲವನ್ನು ಕೊಡುತ್ತದೆ. ತನ್ನ ಕೆಲಸಕ್ಕೆ ಸಂಬಂಧವೇ ಇಲ್ಲದ ಒಂದು ಲೈಬ್ರರಿಯನ್ನು ಡೇಟಾಬೇಸ್ ಎಂಜಿನಿಯರ್ ಒಬ್ಬರು ಬಿಚ್ಚಿ ನೋಡಲು ಸಾಧ್ಯವಾದದ್ದು ಇದರಿಂದಲೇ. ಅದೇ ಅರ್ಧ ಸೆಕೆಂಡು ಒಳಗಿನ ಬರಹ (ಸೋರ್ಸ್) ಮುಚ್ಚಿಟ್ಟ ತಂತ್ರಾಂಶದಲ್ಲಿ ವ್ಯರ್ಥವಾಗಿದ್ದರೆ ಹೊರಗಿನವರು ಕಂಪನಿಗೆ ಒಂದು ದೂರು ಬರೆದು ಕಾಯಬೇಕಾಗುತ್ತಿತ್ತು. ನಾನು ಲಿನಕ್ಸ್ ಅನ್ನು ನಂಬುವುದು ಇಷ್ಟರ ಮಟ್ಟಿಗೆ, ಈ ಕಾರಣಕ್ಕೆ.

ನಮ್ಮವರ ಬಗ್ಗೆ ನನಗೆ ಬೇಸರವಿರುವುದು ಬೇರೆ ವಿಷಯದಲ್ಲಿ. ಎಕ್ಸ್‌ಝಡ್ ಸುದ್ದಿ ಹೊರಬಿದ್ದ ವಾರ ಎಲ್ಲೆಡೆ ಪತ್ತೇದಾರಿಕೆ ನಡೆಯಿತು: ಜಿಯಾ ಟ್ಯಾನ್ ಯಾವ ಹೊತ್ತಿನಲ್ಲಿ ಕೆಲಸ ಮಾಡುತ್ತಿದ್ದ, ಯಾವ ದೇಶದ ರಜಾದಿನಗಳಂದು ಸುಮ್ಮನಿದ್ದ ಎಂದು ಪಟ್ಟಿ ಮಾಡಿದವರೇ ಮಾಡಿದವರು. ಕಾಲಿನ್ ಅವರಂಥ ಸ್ಥಿತಿಯಲ್ಲಿ ಇನ್ನೂ ಎಷ್ಟು ಮಂದಿ ಇದ್ದಾರೆ ಎಂಬ ಚರ್ಚೆ ಅದರ ಮುಂದೆ ಸಪ್ಪೆಯಾಯಿತು. ಅದೇ ವರ್ಷದ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಡಬೇಕಾಗಿ ಬಂದಾಗ, ಲಿನಕ್ಸ್ ಅಭಿಮಾನಿಗಳು ಹಬ್ಬ ಆಚರಿಸಿದರು. ಅದೇ ಕಂಪನಿಯ ತಂತ್ರಾಂಶ ಕೆಲವೇ ವಾರಗಳ ಹಿಂದೆ ರೆಡ್ ಹ್ಯಾಟ್ ಯಂತ್ರಗಳಲ್ಲೂ ಕರ್ನಲ್ ಪ್ಯಾನಿಕ್, ಎಂದರೆ ಅಂಥದ್ದೇ ಕುಸಿತ, ಉಂಟುಮಾಡಿತ್ತು ಎಂಬುದನ್ನು ನೆನಪಿಸಿದವರು ಬೆರಳೆಣಿಕೆಯಷ್ಟು. ಹೊಸ ಡೆಸ್ಕ್‌ಟಾಪ್‌ನ ಬಣ್ಣ, ಯಾವ ಡಿಸ್ಟ್ರೋ ದೊಡ್ಡದು, ಎಡಿಟರ್‌ಗಳಲ್ಲಿ ಯಾವುದು ಮೇಲು ಎಂಬ ವಾದಗಳು ರಂಜನೀಯವೇ. ನಾನೂ ಅವುಗಳಲ್ಲಿ ಸಂತೋಷದಿಂದ ಭಾಗವಹಿಸುತ್ತೇನೆ. ಆದರೆ ಅವನ್ನೇ ಸುದ್ದಿ ಎಂದು ಕರೆಯುವುದು ನನಗೆ ಸರಿಯೆನಿಸುವುದಿಲ್ಲ.

ನಮ್ಮ ಕಡೆಯ ಕೆರೆಗಳಿಗೆ ನೀರುಗಂಟಿಗಳು ಇರುತ್ತಿದ್ದರಲ್ಲ, ತೂಬು ಎತ್ತಿ ಇಳಿಸಿ, ಕಾಲುವೆಯ ಹೂಳು ನೋಡಿಕೊಂಡು, ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುತ್ತಿದ್ದವರು. ಕಾಲಿನ್ ಅವರಂಥ ತಂತ್ರಾಂಶ ನಿರ್ವಾಹಕರ ಪಾಡೂ ಅವರದೇ. ಏರಿ ಬಿರುಕು ಬಿಡುವವರೆಗೆ ಊರಿಗೆ ಅವರ ಹೆಸರು ನೆನಪಾಗುವುದಿಲ್ಲ. ಒಂದು ವ್ಯತ್ಯಾಸವೆಂದರೆ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದ ಕಾಳಿನ ಪಾಲು ಸಿಗುತ್ತಿತ್ತು. ಇಲ್ಲಿ ಅದು ಈಚೆಗೆ ಅಲ್ಪಸ್ವಲ್ಪ ಆರಂಭವಾಗಿದೆ. ಜರ್ಮನಿಯ ಸರ್ಕಾರ 2022ರಲ್ಲಿ ಸಾವರಿನ್ ಟೆಕ್ ಫಂಡ್ ಸ್ಥಾಪಿಸಿ ಇಂಥ ಮೂಲಭೂತ ತಂತ್ರಾಂಶಗಳಿಗೆ ಹಣ ಕೊಡುತ್ತಿದೆ. ನಮ್ಮ ಬೆಂಗಳೂರಿನ ಝೆರೋಧಾ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಎಂಬ ನಿಧಿ ಆರಂಭಿಸಿ, ವರ್ಷಕ್ಕೆ 10 ಲಕ್ಷ ಡಾಲರ್ ಹಂಚುವುದಾಗಿ ಘೋಷಿಸಿತು. ಸಾವಿರಾರು ಎಂಜಿನಿಯರುಗಳು ದಿನವಿಡೀ ಲಿನಕ್ಸ್ ಸರ್ವರ್‌ಗಳ ಮೇಲೆ ದುಡಿಯುವ ನಗರದಲ್ಲಿ ಹೊಸ ಫೋನಿನ ಬಿಡುಗಡೆಗೆ ಸಿಕ್ಕ ಪ್ರಚಾರದ ಕಾಲುಭಾಗವೂ ಈ ಸುದ್ದಿಗೆ ಸಿಗಲಿಲ್ಲವೆಂಬುದು ನನ್ನ ಆಕ್ಷೇಪ.

ಇದು ಎಲ್ಲೋ ಫಿನ್ಲೆಂಡಿನ ಸಮಸ್ಯೆ ಎಂದುಕೊಳ್ಳಬೇಡಿ. ಈ ಉತ್ತರವನ್ನು ನೀವು ಕ್ರೋಮ್‌ನಲ್ಲೋ ಫೈರ್‌ಫಾಕ್ಸ್‌ನಲ್ಲೋ ಆಂಡ್ರಾಯ್ಡ್ ಫೋನಿನಲ್ಲೋ ಓದುತ್ತಿದ್ದರೆ, "ಸ್ತ್ರೀ" ಎಂಬ ಅಕ್ಷರದಲ್ಲಿ ಎರಡು ಒತ್ತುಗಳೂ ದೀರ್ಘವೂ ತಂತಮ್ಮ ಜಾಗದಲ್ಲಿ ಕೂರುವಂತೆ ಮಾಡುತ್ತಿರುವುದು ಹಾರ್ಫ್‌ಬಜ್ ಎಂಬ ಮುಕ್ತ ಲೈಬ್ರರಿ. ಬೆಹ್ದಾದ್ ಇಸ್ಫಹಬೋದ್ ಕಟ್ಟಿ ಬೆಳೆಸಿದ ಅದನ್ನು ನೋಡಿಕೊಳ್ಳುವವರು ಬಹಳ ಮಂದಿಯಿಲ್ಲ. ಕನ್ನಡದ ಒತ್ತಕ್ಷರ ಸರಿಯಾಗಿ ಮೂಡಿದಾಗ ಅವರನ್ನು ನಾವು ಯಾರೂ ನೆನೆಯುವುದಿಲ್ಲ. ಎಕ್ಸ್‌ಝಡ್‌ನ ವಿಷಯದಲ್ಲೂ, ಗಲಾಟೆಯೆಲ್ಲ ಅಡಗಿದ ಮೇಲೆ ಕಾಲಿನ್ ಅವರೇ ಮರಳಿ ಕೂತು, ಹಿಂಬಾಗಿಲನ್ನು ಕಿತ್ತುಹಾಕಿ, 2024ರ ಮೇ ತಿಂಗಳ ಕೊನೆಯಲ್ಲಿ 5.6.2 ಆವೃತ್ತಿಯನ್ನು ಹೊರತಂದರು. ಆ ಸುದ್ದಿಯನ್ನು ಎಷ್ಟು ಜನ ಓದಿದರೋ.

ಇನ್ನು ನಿಮ್ಮ ಲ್ಯಾಪ್‌ಟಾಪ್. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಇಂಟೆಲ್‌ನಲ್ಲಾದರೆ ಎಂಟನೇ ಪೀಳಿಗೆ ಅಥವಾ ಅದಕ್ಕೂ ಹೊಸ ಪ್ರೊಸೆಸರನ್ನೂ ಕೇಳುತ್ತದೆ. ನಿಮ್ಮದು ಅದಕ್ಕಿಂತ ಹಳೆಯದು ಎಂದಿದ್ದೀರಿ. ಅಪ್‌ಡೇಟ್ ಇಲ್ಲದ ವಿಂಡೋಸ್‌ಗಿಂತ ಅಪ್‌ಡೇಟ್ ಇರುವ ಲಿನಕ್ಸ್ ಖಂಡಿತ ಮೇಲು. ಮಿಂಟ್ 22 ಅಥವಾ ಡೆಬಿಯನ್ 13, ಎರಡರಲ್ಲಿ ಒಂದನ್ನು ಹಾಕಿಕೊಳ್ಳಿ. ಅಂತರಜಾಲದಲ್ಲಿ ಆರ್ಚ್ ಹಾಕಿ, ಟಂಬಲ್‌ವೀಡ್ ಹಾಕಿ ಎನ್ನುವವರು ಸಿಗುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಎಕ್ಸ್‌ಝಡ್‌ನ ವಿಷಪೂರಿತ ಆವೃತ್ತಿ ಹೋಗಿ ಸೇರಿದ್ದು ಹೊಸದನ್ನು ಮೊದಲು ಬಡಿಸುವ ಇಂಥ ಡಿಸ್ಟ್ರೋಗಳಿಗೇ ಎಂಬುದು ನೆನಪಿರಲಿ. ಸ್ಥಿರ ಆವೃತ್ತಿಗಳು ಹಳತಾಗಿ ಕಾಣುವುದು ಸೋಮಾರಿತನದಿಂದಲ್ಲ. ಮೊದಲು ಪೆನ್ ಡ್ರೈವ್‌ನಿಂದ ಲೈವ್ ಆಗಿ ಓಡಿಸಿ ವೈಫೈ, ಧ್ವನಿ, ಪ್ರಿಂಟರ್ ಮೂರನ್ನೂ ಪರೀಕ್ಷಿಸಿ, ಫೋಟೋಗಳ ಪ್ರತಿಯನ್ನು ಬೇರೆ ಡಿಸ್ಕ್‌ಗೆ ತೆಗೆದಿಟ್ಟ ನಂತರವೇ ಅಳಿಸುವ ಗುಂಡಿ ಒತ್ತಿ. ನಿಮಗೆ ನುಡಿ ತಂತ್ರಾಂಶದ ಕೀಲಿಮಣೆ ರೂಢಿಯಿದ್ದರೆ ಲಿನಕ್ಸ್‌ನಲ್ಲಿ ಬೇರೆಬೇರೆ ಭಾಷೆ ಟೈಪ್ ಮಾಡಲು ಇರುವ ಐಬಸ್‌ನ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಎಂಬ ಅದೇ ವಿನ್ಯಾಸವನ್ನು ಆರಿಸಿಕೊಳ್ಳಿ, ಬೆರಳುಗಳಿಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ.