ವೆಟ್ ಟೆಕ್ ಓದಿದರೆ ಡಾಕ್ಟರ್ ಆಗಬಹುದಾ?

ಪ್ರಶ್ನೆ: ಮದುವೆಯಾಗಿ ಅಮೆರಿಕಕ್ಕೆ ಬಂದು ಆರು ವರ್ಷ ಆಯ್ತು. ನಾಯಿ, ಬೆಕ್ಕು ಅಂದರೆ ನನಗೆ ಪ್ರಾಣ. ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ವೆಟರ್ನರಿ ಟೆಕ್ನಾಲಜಿ ಅಂತ ಎರಡು ವರ್ಷದ ಕೋರ್ಸ್ ಇದೆ. ಅದು ಮುಗಿಸಿದರೆ ಮುಂದೆ ಪಶುವೈದ್ಯೆ ಆಗಬಹುದಾ? ವಯಸ್ಸು 33, ತಡ ಆಯ್ತಾ?

ಉತ್ತರ: ವಯಸ್ಸಿನ ಚಿಂತೆ ಬಿಡಿ. ಕಮ್ಯುನಿಟಿ ಕಾಲೇಜಿಗೆ ಎಲ್ಲ ವಯಸ್ಸಿನವರೂ ಬರುತ್ತಾರೆ. ಆದರೆ ಇದು ಡಾಕ್ಟರ್ ಆಗುವ ದಾರಿಯ ಮೊದಲ ಮೆಟ್ಟಿಲಲ್ಲ, ಬೇರೆಯೇ ದಾರಿ. ಡಾಕ್ಟರ್ ಆಗೋಕೆ ಮೊದಲು ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಎಲ್ಲ ಮುಗಿಸಿ, ಆಮೇಲೆ ವೆಟರ್ನರಿ ಕಾಲೇಜಿನಲ್ಲಿ ನಾಲ್ಕು ವರ್ಷ ಓದಬೇಕು. ವೆಟ್ ಟೆಕ್ ಕ್ರೆಡಿಟ್‌ಗಳಲ್ಲಿ ಎಷ್ಟೋ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಡಾಕ್ಟರೇ ಆಗಬೇಕು ಅಂತಿದ್ದರೆ ಅದೇ ಕಾಲೇಜಿನಲ್ಲಿ, ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗುವ ಸೈನ್ಸ್ ಕ್ಲಾಸುಗಳನ್ನು ತಗೊಳ್ಳಿ.

ಈ ಕೋರ್ಸ್ ಮುಗಿಸಿದವರು ಮಾಡುವ ಟೆಕ್ನಿಷಿಯನ್ ಕೆಲಸವೇನೂ ಸಣ್ಣದಲ್ಲ. ರೋಗ ಏನು ಅಂತ ಹೇಳುವ ಹಾಗಿಲ್ಲ, ಔಷಧಿ ಬರೆಯುವ ಹಾಗಿಲ್ಲ, ಆಪರೇಷನ್ ಮಾಡುವ ಹಾಗಿಲ್ಲ. ಉಳಿದದ್ದರಲ್ಲಿ ಬಹುಪಾಲು ಇವರ ಕೈಯಲ್ಲೇ: ಎಕ್ಸ್-ರೇ, ರಕ್ತ ಪರೀಕ್ಷೆ, ಅರಿವಳಿಕೆ ಕೊಟ್ಟ ಪ್ರಾಣಿಯ ಉಸಿರು, ನಾಡಿ ನೋಡಿಕೊಳ್ಳೋದು. ನಾಯಿಯ ಮುಂಗಾಲಿನಿಂದ ರಕ್ತ ತೆಗೆಯುವುದನ್ನೇ ನೋಡಿ. ಒಬ್ಬರು ಸೂಜಿ ಹಿಡಿದರೆ ಇನ್ನೊಬ್ಬರು ನಾಯಿಯನ್ನು ಮೈಗೆ ಒತ್ತಿ ಹಿಡಿದು, ಒಂದು ಕೈಯಿಂದ ಅದರ ಮೊಣಕೈ ಹಿಂದೆ ಹಿಡಿದು ಕಾಲು ಮುಂದಕ್ಕೆ ಚಾಚಿಸಿ, ಹೆಬ್ಬೆರಳಿನಿಂದ ರಕ್ತನಾಳ ಒತ್ತಿ ಸ್ವಲ್ಪ ಹೊರಕ್ಕೆ ಹೊರಳಿಸಬೇಕು, ಆಗ ಅದು ಉಬ್ಬಿ ಕಾಣುತ್ತದೆ. ಹಿಡಿದವರ ಕೈ ಸಡಿಲವಾದರೆ ಸೂಜಿ ಹಿಡಿದವರು ಎಷ್ಟು ಜಾಣರಾದರೂ ಅಷ್ಟೇ. ಮುದ್ದು ಮಾಡೋಕೆ ಟೈಮ್ ಸಿಗೋದು ಕಡಿಮೆ, ಗೂಡು ತೊಳೆಯೋದು ಜಾಸ್ತಿ. ದಯಾಮರಣದ ಹೊತ್ತಿಗೂ ಪ್ರಾಣಿಯನ್ನು ಹಿಡಿದು ನಿಲ್ಲಬೇಕಾಗುತ್ತದೆ. ಪ್ರಾಣ ಅಂದಿರಲ್ಲ, ಅದಕ್ಕೇ ಇದನ್ನು ಮುಚ್ಚಿಡದೆ ಹೇಳಿದೆ.

ಸೇರುವ ಮುಂಚೆ ಆ ಕೋರ್ಸಿಗೆ ಅಮೆರಿಕನ್ ವೆಟರ್ನರಿ ಮೆಡಿಕಲ್ ಅಸೋಸಿಯೇಷನ್ ಮಾನ್ಯತೆ ಇದೆಯಾ ನೋಡಿ. ಅದಿಲ್ಲದಿದ್ದರೆ ಹೆಚ್ಚಿನ ರಾಜ್ಯಗಳಲ್ಲಿ ಲೈಸೆನ್ಸಿಗೆ ತೊಂದರೆ. ಕೋರ್ಸ್ ಮುಗಿದ ಮೇಲೆ ವಿ.ಟಿ.ಎನ್.ಇ. ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಇದೆ, ಮೂರು ಗಂಟೆ, 170 ಪ್ರಶ್ನೆ. ಮಾನ್ಯತೆ ಇರುವ ಕಾಲೇಜು ತನ್ನ ಎಷ್ಟು ವಿದ್ಯಾರ್ಥಿಗಳು ಇದರಲ್ಲಿ ಪಾಸಾದರು ಅಂತ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಕಾಲೇಜಿನ ಚಂದದ ಫೋಟೋ ಬಿಟ್ಟು ಮೊದಲು ಅದನ್ನು ಹುಡುಕಿ. ಇನ್ನೊಂದು, ಎಷ್ಟೋ ಕಡೆ ಪ್ರಾಣಿಗಳನ್ನು ಮುಟ್ಟುವ ಮುಂಚೆ ನೀವೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ಆ ಖರ್ಚು ಫೀಸಿನಲ್ಲಿ ಸೇರಿದೆಯಾ ಅಂತ ಈಗಲೇ ಕೇಳಿಬಿಡಿ, ಅದು ಅಗ್ಗದ್ದಲ್ಲ.